ಹೊಟ್ಟೆಯೊಳಗಿನ ರಕ್ತಸ್ರಾವ: ಹತ್ತಿರದ ಆಸ್ಪತ್ರೆ ಸಾಲದು, ಸಿದ್ಧವಿರುವ ಆಪರೇಷನ್ ಥಿಯೇಟರ್ ಬೇಕು

ಅಡಿಕೆ ಮರದಿಂದ ಬಿದ್ದವರು, ಮಗುಚಿದ ಟ್ರ್ಯಾಕ್ಟರಿನಡಿ ಸಿಕ್ಕವರು, ಬೈಕಿನ ಹ್ಯಾಂಡಲ್ ಹೊಟ್ಟೆಗೆ ಹೊಡೆದವರು, ಹೋರಿ ತಿವಿದವರು. ಇಂಥವರನ್ನು ಆಸ್ಪತ್ರೆಗೆ ತರುವವರು ದಾರಿಯುದ್ದಕ್ಕೂ ಹೇಳಿಕೊಳ್ಳುವ ಸಮಾಧಾನದ ಮಾತು ಹೆಚ್ಚುಕಡಿಮೆ ಒಂದೇ: "ರಕ್ತ ಬಂದಿಲ್ಲ, ಮಾತಾಡ್ತಾ ಇದ್ದಾನೆ." ಆ ಮಾತು ಪೂರ್ತಿ ನಿಜವಾಗಿರುವಾಗಲೇ ಹೊಟ್ಟೆಯೊಳಗೆ ಒಂದೂವರೆ ಲೀಟರ್ ರಕ್ತ ಸೇರಿರಬಹುದು.

ಕೈಕಾಲಿನ ಗಾಯಕ್ಕೆ ಬಟ್ಟೆ ಬಿಗಿದು ಒತ್ತಿ ಹಿಡಿಯಬಹುದು. ಎಡಪಕ್ಕೆಯ ಕೆಳಗಿನ ಗುಲ್ಮ (ಸ್ಪ್ಲೀನ್) ಒಡೆದರೆ, ಬಲಗಡೆಯ ಲಿವರ್ ಸೀಳಿದರೆ, ಕರುಳಿಗೆ ರಕ್ತ ಒಯ್ಯುವ ನಾಳ ಹರಿದರೆ ಹೊರಗಿನಿಂದ ಒತ್ತಿ ನಿಲ್ಲಿಸುವ ದಾರಿಯಿಲ್ಲ. 70 ಕೆ.ಜಿ. ತೂಕದ ವಯಸ್ಕರ ಮೈಯಲ್ಲಿ ಇರುವುದು ಸುಮಾರು 5 ಲೀಟರ್ ರಕ್ತ. ಅದರಲ್ಲಿ ದೊಡ್ಡ ಪಾಲು ಹೊಟ್ಟೆಯ ಕುಹರದೊಳಗೇ ಸೋರಿ ನಿಲ್ಲಬಲ್ಲದು. ಹೊಟ್ಟೆ ಉಬ್ಬಿದ್ದು ಕಣ್ಣಿಗೆ ಕಾಣುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

ಕರ್ನಾಟಕದಲ್ಲಿ ತುರ್ತು ಚಿಕಿತ್ಸೆ ಎಂದ ಕೂಡಲೇ ನಾವು ಆಂಬುಲೆನ್ಸ್ ಎಷ್ಟು ನಿಮಿಷದಲ್ಲಿ ಬಂತು ಎಂದು ಕೇಳುತ್ತೇವೆ. 108ರ ಆರೋಗ್ಯ ಕವಚ 2008ರ ನವೆಂಬರ್‌ನಲ್ಲಿ ಶುರುವಾದ ಮೇಲೆ ಈ ಪ್ರಶ್ನೆಗೆ ಅರ್ಥವೂ ಬಂದಿದೆ. ಆದರೆ ಹೊಟ್ಟೆಯೊಳಗೆ ರಕ್ತ ಸುರಿಯುತ್ತಿರುವವರ ಪಾಲಿಗೆ ಗಡಿಯಾರ ನಿಲ್ಲುವುದು ಆಸ್ಪತ್ರೆಯ ಗೇಟಿನಲ್ಲಿ ಅಲ್ಲ. ಹರಿದ ನಾಳವನ್ನು ಸರ್ಜನ್ ಹಿಡಿದ ಕ್ಷಣದಲ್ಲಿ ಅದು ನಿಲ್ಲುತ್ತದೆ. ಗೇಟಿನಿಂದ ಆ ಕ್ಷಣದವರೆಗಿನ ಹೊತ್ತನ್ನು ನಾವು ಅಳೆಯುತ್ತಿಲ್ಲ, ಕೇಳುತ್ತಲೂ ಇಲ್ಲ. ಜೀವ ಹೋಗುವುದು ಹೆಚ್ಚಾಗಿ ಅಲ್ಲಿಯೇ ಎಂಬುದು ನನ್ನ ವಾದ.

ಅಮೆರಿಕದ ಪೆನ್ಸಿಲ್ವೇನಿಯಾದ ಗಾಯಾಳುಗಳ ದಾಖಲೆ ಇಟ್ಟುಕೊಂಡು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಲೆಕ್ಕ ಹಾಕಿತು. ಹೊಟ್ಟೆಯೊಳಗೆ ರಕ್ತಸ್ರಾವವಾಗಿ ಬಿಪಿ ಕುಸಿದ ರೋಗಿಗಳು ತುರ್ತು ವಿಭಾಗದಲ್ಲಿ ಕಳೆದ ಪ್ರತಿ 3 ನಿಮಿಷಕ್ಕೆ ಸಾವಿನ ಸಂಭವ ಸುಮಾರು ಶೇ 1ರಷ್ಟು ಏರುತ್ತಾ ಹೋಯಿತು, 90 ನಿಮಿಷದವರೆಗೆ ಹೀಗೇ. ಸುಸಜ್ಜಿತ ಟ್ರಾಮಾ (ಗಾಯಾಳು ಚಿಕಿತ್ಸೆ) ವ್ಯವಸ್ಥೆಯ ಒಳಗಿನ ಲೆಕ್ಕ ಇದು. ಕೇಸ್ ಶೀಟ್ ಬರೆಸಿ, ಹೊರಗಿನ ಸ್ಕ್ಯಾನಿಂಗ್ ಸೆಂಟರಿಗೆ ಕಳಿಸಿ, ರಿಪೋರ್ಟ್ ಬಂದ ಮೇಲೆ "ಇಲ್ಲಿ ಆಗಲ್ಲ, ಮುಂದೆ ಕರ್ಕೊಂಡು ಹೋಗಿ" ಎನ್ನುವ ನಮ್ಮ ರೂಢಿಗೆ ಇದೇ ಲೆಕ್ಕ ಹಚ್ಚಿ ನೋಡಬೇಕು.

ಮೊದಲ ತಪ್ಪು ಬಿಪಿಯಿಂದಲೇ ಶುರುವಾಗುತ್ತದೆ. ರಕ್ತ ಸೋರಿದಾಗ ಮೈ ತಕ್ಷಣ ಸೋಲೊಪ್ಪುವುದಿಲ್ಲ. ಕೈಕಾಲು, ಚರ್ಮದ ನಾಳಗಳನ್ನು ಬಿಗಿಮಾಡಿ, ಹೃದಯವನ್ನು ಜೋರಾಗಿ ಓಡಿಸಿ ಮಿದುಳಿಗೂ ಹೃದಯಕ್ಕೂ ರಕ್ತ ಕೊಡುತ್ತಿರುತ್ತದೆ. ಸುಮಾರು 750 ಮಿ.ಲೀ. ಹೋಗುವವರೆಗೆ ನಾಡಿ, ಬಿಪಿ ಎರಡೂ ಬಹುತೇಕ ಸಹಜ. ಒಂದೂವರೆ ಲೀಟರ್ ಹತ್ತಿರವಾಗುವವರೆಗೂ ಮೇಲಿನ ಬಿಪಿ ಅಷ್ಟಾಗಿ ಇಳಿಯದೆ ಇರಬಹುದು; ನಾಡಿ ಮಾತ್ರ 100 ದಾಟಿರುತ್ತದೆ, ಅಂಗೈ ತಣ್ಣಗಾಗಿ ಬೆವರಿರುತ್ತದೆ, ಮನುಷ್ಯ ಕಾರಣವಿಲ್ಲದೆ ಚಡಪಡಿಸುತ್ತಿರುತ್ತಾನೆ. ಅದರಾಚೆ ಕುಸಿತ ಏಕಾಏಕಿ ಬರುತ್ತದೆ. ಗಟ್ಟಿಮುಟ್ಟಾದ ಇಪ್ಪತ್ತೈದರ ಹುಡುಗರು ಕೊನೆಯವರೆಗೂ ತಡೆದುಕೊಂಡು ಒಮ್ಮೆಲೇ ಬೀಳುತ್ತಾರೆ. ಗರ್ಭಿಣಿಯರಲ್ಲಿ ರಕ್ತದ ಪ್ರಮಾಣವೇ ಹೆಚ್ಚಿರುವುದರಿಂದ ಲಕ್ಷಣಗಳು ಇನ್ನೂ ತಡವಾಗಿ ಕಾಣುತ್ತವೆ. ಬಿಪಿಗೆಂದು ಮೆಟೊಪ್ರೊಲಾಲ್, ಅಟೆನೊಲಾಲ್ ಮಾತ್ರೆ ನುಂಗುವ ಹಿರಿಯರಲ್ಲಿ ನಾಡಿ ಓಡುವುದೇ ಇಲ್ಲ. ಹಿಮೋಗ್ಲೋಬಿನ್ ಕೂಡ ಆರಂಭದಲ್ಲಿ ಸುಳ್ಳು ಧೈರ್ಯ ಕೊಡುತ್ತದೆ: ಸೋರಿದ ರಕ್ತದ ಜೊತೆ ಕೆಂಪುಕಣವೂ ದ್ರವವೂ ಒಟ್ಟಿಗೇ ಹೋಗಿರುವುದರಿಂದ ಉಳಿದ ರಕ್ತದ ಸಾಂದ್ರತೆ ಮೊದಲ ಒಂದೆರಡು ಗಂಟೆ ಹಾಗೇ ಇರಬಹುದು.

ಇದಕ್ಕೆ ಹಣ ಬೇಡದ ಒಂದು ಅಳತೆಯಿದೆ. ನಾಡಿಯ ಸಂಖ್ಯೆಯನ್ನು ಮೇಲಿನ ಬಿಪಿಯಿಂದ ಭಾಗಿಸುವುದು. ಶಾಕ್ ಇಂಡೆಕ್ಸ್ ಎನ್ನುತ್ತಾರೆ. ಆರೋಗ್ಯವಂತರಲ್ಲಿ ಅದು 0.5ರಿಂದ 0.7ರ ಆಸುಪಾಸು. 0.9 ದಾಟಿದರೆ ಅನುಮಾನ, 1 ದಾಟಿದರೆ ಗಾಬರಿಪಡಲೇಬೇಕು. ಬಿಪಿ 108 ಎಂದು ಬರೆದು "ಸ್ಟೇಬಲ್" ಎಂದು ಷರಾ ಹಾಕಿದ ಚೀಟಿಯಲ್ಲಿ ನಾಡಿ 118 ಎಂದಿದ್ದರೆ ಆ ರೋಗಿ ಸ್ಟೇಬಲ್ ಅಲ್ಲ. ಆಂಬುಲೆನ್ಸಿನ ಸಿಬ್ಬಂದಿಯೇ ಮಾಡಬಹುದಾದ ಈ ಭಾಗಾಕಾರ ಕೇಸ್ ಶೀಟಿನ ಮೊದಲ ಸಾಲಿನಲ್ಲಿ ಇರಬೇಕು. ಎಡಭುಜದ ನೋವನ್ನೂ ಕಡೆಗಣಿಸಬಾರದು. ಭುಜಕ್ಕೆ ಪೆಟ್ಟೇ ಬೀಳದೆ ಅಲ್ಲಿ ನೋವೆಂದರೆ, ಒಡೆದ ಗುಲ್ಮದ ರಕ್ತ ಎದೆ, ಹೊಟ್ಟೆಗಳ ನಡುವಿನ ಸ್ನಾಯುಪರದೆಯಾದ ವಪೆಯನ್ನು ಕೆರಳಿಸುತ್ತಿರುವ ಸೂಚನೆ ಇರಬಹುದು.

ಅನುಮಾನ ಬಂದ ಮೇಲೆ ಖಚಿತಪಡಿಸಿಕೊಳ್ಳಲು ಫಾಸ್ಟ್ ಎಂಬ ಅಲ್ಟ್ರಾಸೌಂಡ್ ಪರೀಕ್ಷೆ ಇದೆ. ಲಿವರಿನ ಪಕ್ಕ, ಗುಲ್ಮದ ಪಕ್ಕ, ಕಿಬ್ಬೊಟ್ಟೆಯ ತಳ, ಹೃದಯದ ಸುತ್ತ, ಈ ನಾಲ್ಕು ಕಡೆ ದ್ರವ ನಿಂತಿದೆಯೇ ಎಂದು ರೋಗಿ ಮಲಗಿದಲ್ಲೇ ನಾಲ್ಕೈದು ನಿಮಿಷದಲ್ಲಿ ನೋಡುವುದು. ದ್ರವ ಕಂಡು, ಬಿಪಿಯೂ ಬಿದ್ದಿದ್ದರೆ ಮುಂದಿನ ಜಾಗ ಆಪರೇಷನ್ ಥಿಯೇಟರ್. ಸಿಟಿ ಸ್ಕ್ಯಾನ್ ಇರುವುದು ಬಿಪಿ, ನಾಡಿ ಸ್ಥಿರವಾಗಿರುವವರಿಗೆ. ಅಂಥವರಲ್ಲಿ ಯಾವ ಅಂಗಕ್ಕೆ ಎಷ್ಟು ಪೆಟ್ಟಾಗಿದೆ ಎಂದು ನೋಡಿ, ಲಿವರ್ ಮತ್ತು ಗುಲ್ಮದ ಬಹುಪಾಲು ಗಾಯಗಳನ್ನು ಇವತ್ತು ಹೊಟ್ಟೆ ಕೊಯ್ಯದೆಯೇ ವಾಸಿಮಾಡುತ್ತಾರೆ. ಫಾಸ್ಟ್‌ನಲ್ಲಿ ಏನೂ ಕಾಣದಿದ್ದರೆ ಏನೂ ಆಗಿಲ್ಲ ಎಂದರ್ಥವಲ್ಲ. ಕಡಿಮೆ ರಕ್ತ ಇದ್ದರೆ, ಸೋರಿಕೆ ಹೊಟ್ಟೆಯ ಕುಹರದ ಹಿಂದೆ, ಬೆನ್ನುಮೂಳೆಯ ಮುಂದಿರುವ ಜಾಗದಲ್ಲಿದ್ದರೆ ಅದು ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಅನುಮಾನ ಇರುವವರೆಗೆ ಮತ್ತೆ ಮತ್ತೆ ನೋಡಬೇಕು.

ಇಷ್ಟು ಸರಳವಾದ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಯಾಕೆ ಸಿಗುವುದಿಲ್ಲ? ರೇಡಿಯಾಲಜಿಸ್ಟ್ ಇಲ್ಲ ಎಂಬುದು ಒಂದು ಉತ್ತರ. ಕಾನೂನಿನ ತೊಡಕು ಇನ್ನೊಂದು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಪ್ರತಿ ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಬೇಕು. ಕೈಯಲ್ಲಿ ಒಯ್ಯುವ ಯಂತ್ರವನ್ನು ನೋಂದಣಿಯಾದ ಆವರಣದ ಒಳರೋಗಿಗಳಿಗೆ ಅಥವಾ ಸಂಚಾರಿ ವೈದ್ಯಕೀಯ ಘಟಕದ ಭಾಗವಾಗಿ ಮಾತ್ರ ಬಳಸಬೇಕು ಎಂದು 2012ರ ತಿದ್ದುಪಡಿ ಹೇಳುತ್ತದೆ. ಈ ಬಿಗಿಯನ್ನು ಸುಮ್ಮನೆ ಸಡಿಲಿಸಿ ಎನ್ನಲು ನನಗೆ ಮನಸ್ಸಿಲ್ಲ. ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದ ಜಾಲ 2023ರ ನವೆಂಬರ್‌ನಲ್ಲಿ ಬಯಲಾದದ್ದು ನಮ್ಮ ರಾಜ್ಯದಲ್ಲೇ. ಕಾಯ್ದೆಯನ್ನು ಮುಟ್ಟದೆ ಮಾಡಬಹುದಾದದ್ದೂ ಇದೆ: ತುರ್ತು ವಿಭಾಗದ ಗೋಡೆಗೆ ಬಿಗಿದ, ನೋಂದಣಿಯಾದ ಒಂದು ಯಂತ್ರ, ಪ್ರತಿ ಬಳಕೆಯ ದಾಖಲೆ, ಕರ್ತವ್ಯದ ವೈದ್ಯರಿಗೆ ಈ ನಾಲ್ಕು ಜಾಗ ನೋಡುವ ತರಬೇತಿ ಮತ್ತು ಅದಕ್ಕೆ ಅಧಿಕೃತ ಅನುಮತಿ. ಹೆಣ್ಣುಮಕ್ಕಳನ್ನು ಉಳಿಸಲು ಮಾಡಿದ ಕಾಯ್ದೆಯ ಹೆಸರಲ್ಲಿ ರಕ್ತ ಸೋರುತ್ತಿರುವ ಹೆಣ್ಣುಮಗಳು ಪರೀಕ್ಷೆಯಿಲ್ಲದೆ ಸಾಯುವ ಹಾಗಾಗಬಾರದು.

ಇನ್ನು ಸಲೈನ್. ಬಿಪಿ ಬಿದ್ದ ಕೂಡಲೇ ಎರಡೂ ಕೈಗೆ ಸೂಜಿ ಹಾಕಿ ಬಾಟಲಿ ಮೇಲೆ ಬಾಟಲಿ ಓಡಿಸುವುದು ಹಳೆಯ ಪಾಠ. ಸಾರಿಗೆ ನೀರು ಬೆರೆಸಿದರೆ ಪಾತ್ರೆ ತುಂಬುತ್ತದೆ, ಸತ್ವ ಹೆಚ್ಚುವುದಿಲ್ಲ. ತಣ್ಣನೆಯ ಸಲೈನ್ ಮೈಯನ್ನು ಇನ್ನಷ್ಟು ತಣ್ಣಗಾಗಿಸುತ್ತದೆ, ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ತೆಳುಮಾಡುತ್ತದೆ, ಒತ್ತಡ ಏರಿ ಆಗತಾನೇ ಕೂತ ಹೆಪ್ಪನ್ನು ಕಿತ್ತೊಗೆಯಬಹುದು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಮುಂಡಕ್ಕೆ ಇರಿತ ಅಥವಾ ಗುಂಡಿನ ಗಾಯವಾಗಿ ಬಿಪಿ ಕುಸಿದ 598 ಮಂದಿಯ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಪರೇಷನ್‌ವರೆಗೆ ದ್ರವ ತಡೆಹಿಡಿದವರಲ್ಲಿ ಶೇ 70 ಮಂದಿ ಬದುಕಿದರು, ತಕ್ಷಣ ದ್ರವ ಕೊಟ್ಟವರಲ್ಲಿ ಶೇ 62. ಅದು ನಗರದೊಳಗಿನ, ಥಿಯೇಟರ್ ಹತ್ತಿರವಿದ್ದವರ ಕಥೆ. ಎರಡು ಗಂಟೆ ಘಾಟಿ ಇಳಿಯಬೇಕಾದ ರೋಗಿಗೆ ಹಾಗೇ ಅನ್ವಯಿಸಲಾಗದು, ತಲೆಗೂ ಪೆಟ್ಟಾದವರಿಗಂತೂ ಬಿಪಿ ಇಳಿಯಲು ಬಿಡುವುದು ಅಪಾಯ. ಆದರೂ ಇವತ್ತಿನ ಒಪ್ಪಿತ ನಡೆ ಇದು: ಮಣಿಕಟ್ಟಿನ ನಾಡಿ ಸಿಗುವಷ್ಟು, ಪ್ರಜ್ಞೆ ಉಳಿಯುವಷ್ಟು ಮಾತ್ರ ದ್ರವ, ಅದರಾಚೆ ಬೇಕಿರುವುದು ರಕ್ತವೇ. ಜೊತೆಗೆ ಕಂಬಳಿ. ಮೈ ತಣ್ಣಗಾಗುವುದು, ರಕ್ತ ಆಮ್ಲೀಯವಾಗುವುದು, ಹೆಪ್ಪುಗಟ್ಟದೆ ಹೋಗುವುದು ಮೂರೂ ಒಂದನ್ನೊಂದು ಹೆಚ್ಚಿಸುತ್ತಾ ರೋಗಿಯನ್ನು ಎಳೆದೊಯ್ಯುತ್ತವೆ. ಮಳೆಯಲ್ಲಿ ನೆನೆದ ಬಟ್ಟೆಯಲ್ಲೇ ಮಲಗಿಸಿ ಒಯ್ದ ರೋಗಿಗೆ ಈ ಅಪಾಯ ಇನ್ನೂ ಬೇಗ.

ಟ್ರಾನೆಕ್ಸಾಮಿಕ್ ಆಮ್ಲದ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ ಒಕಾಮೊಟೊ 1960ರ ದಶಕದ ಆರಂಭದಲ್ಲಿ ರೂಪಿಸಿದ ಈ ಔಷಧ, ಕೂತ ಹೆಪ್ಪು ಕರಗದಂತೆ ತಡೆಯುತ್ತದೆ. 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಅಧ್ಯಯನ 40 ದೇಶಗಳ 274 ಆಸ್ಪತ್ರೆಗಳಲ್ಲಿ 20,211 ಗಾಯಾಳುಗಳ ಮೇಲೆ ಇದನ್ನು ಪರೀಕ್ಷಿಸಿತು. ಭಾರತದ ಆಸ್ಪತ್ರೆಗಳೂ ಅದರಲ್ಲಿದ್ದವು. ಗಾಯವಾದ ಒಂದು ಗಂಟೆಯೊಳಗೆ ಕೊಟ್ಟಾಗ ರಕ್ತಸ್ರಾವದಿಂದ ಸತ್ತವರು ಶೇ 5.3, ಔಷಧವಿಲ್ಲದವರಲ್ಲಿ ಶೇ 7.7. ಮೂರು ಗಂಟೆ ದಾಟಿದ ಮೇಲೆ ಕೊಟ್ಟರೆ ಉಲ್ಟಾ: ಸಾವು ಹೆಚ್ಚಿತು. ಹತ್ತು ನಿಮಿಷದಲ್ಲಿ 1 ಗ್ರಾಂ, ಆಮೇಲೆ ಎಂಟು ಗಂಟೆಯಲ್ಲಿ ಇನ್ನೊಂದು ಗ್ರಾಂ, ಇಷ್ಟೇ ಪ್ರಮಾಣ. ದುಬಾರಿಯಲ್ಲ, ಹೆರಿಗೆ ನಂತರದ ರಕ್ತಸ್ರಾವಕ್ಕೂ ಬಳಸುವುದರಿಂದ ಹೆರಿಗೆ ಕೋಣೆಯ ನರ್ಸ್‌ಗಳಿಗೆ ಹೊಸದೂ ಅಲ್ಲ. ಮೂರು ಗಂಟೆಯ ಈ ಗೆರೆಯನ್ನು ಮಲೆನಾಡು, ಕರಾವಳಿಯ ನಕ್ಷೆಯ ಮೇಲೆ ಎಳೆದು ನೋಡಿ. ದೊಡ್ಡಾಸ್ಪತ್ರೆ ತಲುಪಿದ ಮೇಲೆ ಕೊಡೋಣ ಎಂದರೆ ಹಲವರಿಗೆ ಅದು ಔಷಧವಾಗಿ ಉಳಿದಿರುವುದಿಲ್ಲ. ಮೊದಲ ಡೋಸ್ ಬೀಳಬೇಕಾದ ಜಾಗ ಆಂಬುಲೆನ್ಸ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ.

ಉತ್ತರ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ., ಕುಮಟಾದಿಂದ ಮಣಿಪಾಲಕ್ಕೆ ಹೆದ್ದಾರಿ ಹಿಡಿದರೂ ಹೆಚ್ಚುಕಡಿಮೆ ಎರಡು ಗಂಟೆ, ಕಾರವಾರದವರಿಗೆ ಗೋವಾ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಓಡುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಜಾರಿ ಉರುಳಿ ನಾಲ್ವರು ಸತ್ತರು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಜಿಲ್ಲೆಯ ಕೂಗು ಆ ತಿಂಗಳಲ್ಲಿ ರಾಜ್ಯಕ್ಕೆಲ್ಲ ಕೇಳಿಸಿತು. ಆ ಬೇಡಿಕೆ ನ್ಯಾಯವಾದದ್ದು. ಆದರೆ ಒಡೆದ ಗುಲ್ಮಕ್ಕೆ ಮೊದಲು ಬೇಕಾಗಿರುವುದು ಸೂಪರ್ ಸ್ಪೆಷಲಿಸ್ಟ್ ಅಲ್ಲ. ಒಬ್ಬ ಜನರಲ್ ಸರ್ಜನ್, ಒಬ್ಬ ಅರಿವಳಿಕೆ ತಜ್ಞ, ನಾಲ್ಕಾರು ಚೀಲ ರಕ್ತ, ವಿದ್ಯುತ್ ಇರುವ ಥಿಯೇಟರ್. ಹೊಟ್ಟೆ ತೆರೆದು, ಸೋರುವ ಕಡೆ ಬಟ್ಟೆ ಒತ್ತಿ ತುಂಬಿ, ಗುಲ್ಮ ತೆಗೆಯಬೇಕಿದ್ದರೆ ತೆಗೆದು, ತಾತ್ಕಾಲಿಕವಾಗಿ ಮುಚ್ಚಿ, ಆಮೇಲೆ ದೊಡ್ಡ ಕೇಂದ್ರಕ್ಕೆ ಸಾಗಿಸುವ ಪದ್ಧತಿಯೇ ಇದೆ; ಡ್ಯಾಮೇಜ್ ಕಂಟ್ರೋಲ್ ಸರ್ಜರಿ ಎಂಬ ಹೆಸರಲ್ಲಿ 1990ರ ದಶಕದಿಂದ ಅದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ರಕ್ತ ನಿಲ್ಲಿಸಿ ಕಳಿಸಿದವರು ನೂರು ಕಿ.ಮೀ. ದಾರಿ ತಡೆದುಕೊಳ್ಳುತ್ತಾರೆ.

ಬೆಂಗಳೂರಿನಲ್ಲಿ ಮಾತು ಬೇರೆ. ಅಲ್ಲಿ ಅರ್ಧ ಗಂಟೆಯೊಳಗೆ ಟ್ರಾಮಾ ಸೌಲಭ್ಯವಿರುವ ಆಸ್ಪತ್ರೆ ಸಿಗುವಾಗ, ಹತ್ತಿರದಲ್ಲಿದೆ ಎಂಬ ಒಂದೇ ಕಾರಣಕ್ಕೆ ಬೀದಿಯ ತುದಿಯ ನರ್ಸಿಂಗ್ ಹೋಮಿಗೆ ಇಳಿಸುವುದೇ ಕಾಲಹರಣ. ಜೊಯಿಡಾದಲ್ಲಾಗಲಿ ಜಯನಗರದಲ್ಲಾಗಲಿ ಕೇಳಬೇಕಾದ ಪ್ರಶ್ನೆ ಮಾತ್ರ ಒಂದೇ: ಈ ಗಂಟೆಯಲ್ಲಿ ಸರ್ಜನ್, ಅರಿವಳಿಕೆ ತಜ್ಞ, ರಕ್ತ ಮೂರೂ ಇರುವ ಅತಿ ಹತ್ತಿರದ ಥಿಯೇಟರ್ ಯಾವುದು? 108ರ ಕಂಟ್ರೋಲ್ ರೂಮಿನ ಪರದೆಯ ಮೇಲೆ ಜಿಲ್ಲೆಯ ಪ್ರತಿ ಆಸ್ಪತ್ರೆಯ ಮುಂದೆ ಈ ಮೂರರ ಸ್ಥಿತಿ ಪಾಳಿ ಪಾಳಿಗೂ ಕಾಣಬೇಕು. ಅಸಾಧ್ಯದ ಬೇಡಿಕೆಯಲ್ಲ ಇದು. ಹೃದಯಾಘಾತಕ್ಕೆ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ಇದೇ ಸರ್ಕಾರಿ ವ್ಯವಸ್ಥೆ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಿಸುತ್ತಿದೆ. ಹೃದಯಕ್ಕೆ ಕಟ್ಟಿದ ಜಾಲವನ್ನು ರಕ್ತಸ್ರಾವಕ್ಕೂ ಕಟ್ಟಬಹುದು.

ತಾಲ್ಲೂಕಿನ ಸರ್ಜನ್ "ಮುಂದೆ ಹೋಗಿ" ಎನ್ನುವುದು ಆಲಸ್ಯದಿಂದ ಎಂದು ತೀರ್ಪು ಕೊಡುವುದು ಸುಲಭ. ಅವರ ಜಾಗದಲ್ಲಿ ನಿಂತು ನೋಡಿದರೆ ಚಿತ್ರ ಬೇರೆ. ಅರಿವಳಿಕೆ ತಜ್ಞರ ಹುದ್ದೆ ಖಾಲಿ, ಅಥವಾ ಇರುವ ಒಬ್ಬರು ರಜೆಯಲ್ಲಿ. ರಕ್ತ ಶೇಖರಣಾ ಘಟಕದಲ್ಲಿ ಹೆರಿಗೆಗೆಂದು ಇಟ್ಟ ಎರಡು ಚೀಲ. ಆಪರೇಷನ್ ನಂತರ ವೆಂಟಿಲೇಟರ್ ನೋಡಿಕೊಳ್ಳುವವರಿಲ್ಲ. ರೋಗಿ ಟೇಬಲ್ ಮೇಲೆ ತೀರಿಕೊಂಡರೆ ಹೊರಗೆ ನಿಂತ ಗುಂಪು ಏನು ಮಾಡುತ್ತದೋ ಎಂಬ ಭಯ. ವೈದ್ಯರ ಮೇಲಿನ ಹಲ್ಲೆ ತಡೆಯಲು 2009ರಿಂದ ರಾಜ್ಯದಲ್ಲಿ ಕಾನೂನಿದ್ದರೂ ಆ ಭಯ ಹೋಗಿಲ್ಲ. ಕಳಿಸಿದ ರೋಗಿ ದಾರಿಯಲ್ಲಿ ಸತ್ತರೆ ಯಾರೂ ಕೇಳುವುದಿಲ್ಲ, ಕೈ ಹಾಕಿ ಸತ್ತರೆ ಎಲ್ಲರೂ ಕೇಳುತ್ತಾರೆ. ಈ ಲೆಕ್ಕಾಚಾರ ಬದಲಾಗದೆ ರೆಫರಲ್ ನಿಲ್ಲುವುದಿಲ್ಲ. ಹಾಗಾಗಿ ರೆಫರ್ ಮಾಡಿದ ಪ್ರತಿ ಪ್ರಕರಣದಲ್ಲೂ ರೋಗಿ ಕೊನೆಗೆ ಏನಾದರು ಎಂಬುದು ಕಳಿಸಿದ ಆಸ್ಪತ್ರೆಯ ದಾಖಲೆಗೆ ವಾಪಸ್ ಬರಬೇಕು, ಮತ್ತು ಕೈ ಹಾಕಿ ಪ್ರಯತ್ನಿಸಿದ ಸರ್ಜನ್‌ಗೆ ಇಲಾಖೆ ಬೆನ್ನಿಗೆ ನಿಲ್ಲಬೇಕು.

ಕಾನೂನಿನ ಬೆಂಬಲ ಕಾಗದದ ಮೇಲೆ ಕಡಿಮೆಯೇನಿಲ್ಲ. ಪೊಲೀಸರಿಗೆ ಕಾಯದೆ ಮೊದಲು ಜೀವ ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲೇ ಹೇಳಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಗಾಯವಾದ ನಂತರದ ಒಂದು ಗಂಟೆಯನ್ನು ಗೋಲ್ಡನ್ ಅವರ್ ಎಂದು ಬರೆದಿಟ್ಟಿತು. ರಾಜ್ಯದಲ್ಲಿ 2016ರಿಂದ ಹರೀಶ್ ಸಾಂತ್ವನ ಯೋಜನೆ ಮೊದಲ 48 ಗಂಟೆಗೆ 25,000 ರೂ.ವರೆಗೆ ಭರಿಸುವುದಾಗಿ ಹೇಳಿದರೆ, 2025ರ ಮೇ ತಿಂಗಳ ಕೇಂದ್ರದ ನಗದುರಹಿತ ಯೋಜನೆ ಏಳು ದಿನಕ್ಕೆ 1.5 ಲಕ್ಷ ರೂ.ವರೆಗೆ ಕೊಡುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು, ಕರ್ನಾಟಕದಲ್ಲಿ 11,702; ಹಣ ರಸ್ತೆಯತ್ತ ಹರಿದಿರುವುದು ಸಹಜ. ಆದರೆ ಈ ಎರಡೂ ಯೋಜನೆ ರಸ್ತೆ ಅಪಘಾತಕ್ಕೆ ಮಾತ್ರ. ತೆಂಗಿನ ಮರದಿಂದ ಬಿದ್ದವರ ಗುಲ್ಮವೂ ಹಾಗೆಯೇ ಒಡೆಯುತ್ತದೆ. ಅವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡು ಹುಡುಕಬೇಕು, ಅದಿಲ್ಲದಿದ್ದರೆ ಒಡವೆ ಅಡವಿಡಬೇಕು.

ಪೆಟ್ಟೇ ಬೀಳದೆ ಹೊಟ್ಟೆಯೊಳಗೆ ರಕ್ತ ಸುರಿಯುವ ಒಂದು ಸ್ಥಿತಿ ಈ ಎಲ್ಲ ಯೋಜನೆಗಳ ಕಣ್ಣಿಗೂ ಬೀಳುವುದಿಲ್ಲ. ಗರ್ಭ ಗರ್ಭಕೋಶದ ಬದಲು ನಳಿಕೆಯಲ್ಲಿ ಕೂತು, ಆರರಿಂದ ಎಂಟು ವಾರದ ಸುಮಾರಿಗೆ ನಳಿಕೆ ಒಡೆಯುವುದು. ನೂರು ಗರ್ಭಗಳಲ್ಲಿ ಒಂದೆರಡು ಹೀಗೆ ಕೂರುತ್ತವೆ. ಕಿಬ್ಬೊಟ್ಟೆ ನೋವು, ತಲೆಸುತ್ತು, ಒಮ್ಮೆ ಬವಳಿ ಬಂದು ಬಿದ್ದದ್ದು. ಮನೆಯವರು ಗ್ಯಾಸ್ ಎನ್ನುತ್ತಾರೆ, ಕ್ಲಿನಿಕ್ಕಿನಲ್ಲಿ ಪ್ಯಾಂಟೊಪ್ರಜೋಲ್ ಚುಚ್ಚಿ ಕಳಿಸುತ್ತಾರೆ. ತಾನು ಗರ್ಭಿಣಿ ಎಂದು ಆಕೆಗೇ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಮದುವೆಯಾಗದ ಹುಡುಗಿ ಹೇಳುವ ಸ್ಥಿತಿಯಲ್ಲಿರುವುದಿಲ್ಲ. ಹೊಟ್ಟೆನೋವು ಅಥವಾ ಬವಳಿ ಎಂದು ಬರುವ ಹೆರುವ ವಯಸ್ಸಿನ ಪ್ರತಿ ಹೆಣ್ಣುಮಗಳಿಗೂ ಮೂತ್ರದ ಗರ್ಭ ಪರೀಕ್ಷೆ ಮಾಡಲೇಬೇಕು. ಆ ಪರೀಕ್ಷೆಯ ಕಿಟ್ ಆಶಾ ಕಾರ್ಯಕರ್ತೆಯರ ಚೀಲದಲ್ಲೇ ಇರುತ್ತದೆ. ಮದುವೆಯಾಗಿದೆಯೇ, ಮುಟ್ಟು ಯಾವಾಗ, ಆಪರೇಷನ್ ಆಗಿದೆಯೇ ಎಂಬ ಉತ್ತರಗಳ ಮೇಲೆ ಪರೀಕ್ಷೆಯನ್ನು ಬಿಡುವಂತಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಆದವರಲ್ಲೂ ಅಪರೂಪಕ್ಕೆ ಗರ್ಭ ನಿಂತರೆ ನಳಿಕೆಯಲ್ಲೇ ನಿಲ್ಲುವ ಸಂಭವ ಹೆಚ್ಚು.

ಮನೆಯವರು, ದಾರಿಹೋಕರು ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದು ಹೆಚ್ಚು. ಹೊಟ್ಟೆ ಒತ್ತಿ ನೋಡಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ನೀರು, ಸೋಡಾ, ಊಟ ಯಾವುದೂ ಬೇಡ. ಅರಿವಳಿಕೆ ಕೊಡುವಾಗ ತುಂಬಿದ ಹೊಟ್ಟೆ ಅಪಾಯ. ಡೈಕ್ಲೊಫೆನಾಕ್, ಆಸ್ಪಿರಿನ್ ಕೊಡಬೇಡಿ. ಚುಚ್ಚಿಕೊಂಡ ಕತ್ತಿ, ಕೋಲು ಇದ್ದರೆ ಕೀಳಬೇಡಿ, ಕರುಳು ಹೊರಬಂದಿದ್ದರೆ ಒಳಗೆ ತಳ್ಳದೆ ಶುದ್ಧವಾದ ಒದ್ದೆ ಬಟ್ಟೆ ಮುಚ್ಚಿ. ಅಂಗಾತ ಮಲಗಿಸಿ, ಕಂಬಳಿ ಹೊದಿಸಿ, ಪೆಟ್ಟು ಬಿದ್ದ ಹೊತ್ತನ್ನು ಬರೆದುಕೊಂಡು 108ಕ್ಕೆ ಹೇಳಿ. ರಕ್ತ ತೆಳುಮಾಡುವ ಮಾತ್ರೆ ನುಂಗುವ ಹಿರಿಯರಾದರೆ ಆ ಮಾತ್ರೆಯ ಪಟ್ಟಿಯನ್ನೇ ಜೊತೆಗೆ ಒಯ್ಯಿರಿ. ಗುಲ್ಮದ ಪೆಟ್ಟು ಕೆಲವರಲ್ಲಿ ದಿನಗಳ ನಂತರ, ಅಪರೂಪಕ್ಕೆ ವಾರಗಳ ನಂತರವೂ ಒಡೆಯುತ್ತದೆ. ಮನೆಗೆ ಬಂದವರಿಗೆ ಮತ್ತೆ ನೋವು, ತಲೆಸುತ್ತು, ಬೆವರು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ.

ಪ್ರತಿ ಸರ್ಕಾರಿ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಇದೆ. ಅದರ ಸದಸ್ಯರನ್ನು ಊರಿನವರು ಬಲ್ಲರು. ಮುಂದಿನ ಸಭೆಗೆ ಮುಂಚೆ ಅವರ ಕೈಗೆ ಕೊಡಬಹುದಾದ ಪ್ರಶ್ನೆಗಳು ಇವು: ರಾತ್ರಿ ಎರಡು ಗಂಟೆಗೆ ಇಲ್ಲಿ ಹೊಟ್ಟೆ ತೆರೆಯಲು ಸಾಧ್ಯವೇ? ಅರಿವಳಿಕೆ ತಜ್ಞರು ವಾರದಲ್ಲಿ ಎಷ್ಟು ರಾತ್ರಿ ಇರುತ್ತಾರೆ? ಓ ಪಾಸಿಟಿವ್, ಓ ನೆಗೆಟಿವ್ ರಕ್ತ ಎಷ್ಟು ಚೀಲ ಇದೆ, ಮುಗಿದರೆ ಯಾವ ರಕ್ತನಿಧಿಯಿಂದ ಎಷ್ಟು ಹೊತ್ತಿಗೆ ಬರುತ್ತದೆ? ಟ್ರಾನೆಕ್ಸಾಮಿಕ್ ಆಮ್ಲ ಆಂಬುಲೆನ್ಸಿನಲ್ಲಿ ಇದೆಯೇ? ಕಳೆದ ವರ್ಷ ಹೊಟ್ಟೆಯ ರಕ್ತಸ್ರಾವದ ಎಷ್ಟು ಮಂದಿಯನ್ನು ಇಲ್ಲಿಂದ ಮುಂದಕ್ಕೆ ಕಳಿಸಲಾಯಿತು, ಅವರಲ್ಲಿ ಎಷ್ಟು ಮಂದಿ ಬದುಕಿ ಮನೆಗೆ ಬಂದರು?